ಹೆಗಲು ಕೇಳಿ ನೊಗ ತಗೋ

ಕಾರ ಹುಣ್ಣಿಮೆ ಹತ್ತಿರ ಬಂತೆಂದರೆ ನಮ್ಮ ಕಡೆ ಬಡಿಗೇರರ ಅಂಗಳದಲ್ಲಿ ಬಾಚಿ, ಉಳಿಯ ಸದ್ದು ಬೆಳಗಿನಿಂದಲೇ ಶುರುವಾಗುತ್ತದೆ. ಕುಂಟಿ, ಕೂರಿಗೆ, ರಂಟಿ, ನೊಗ ಎಲ್ಲವೂ ರಿಪೇರಿಗೆ ಬರುತ್ತವೆ. ಕುಂಟಿಯ ಕುಡ ಸವೆದಿದ್ದರೆ ರೈತ ತಾನೇ ಹೇಳುತ್ತಾನೆ, ಕೂರಿಗೆಯ ತಾಳು ಸಡಿಲಾಗಿದ್ದರೂ ಹೇಳುತ್ತಾನೆ. ನೊಗದ ಬಗ್ಗೆ ಮಾತ್ರ ಬಹಳ ಮಂದಿ ಏನೂ ಹೇಳುವುದಿಲ್ಲ, ಯಾಕೆಂದರೆ ನೊಗದ ನೋವು ಎತ್ತಿನದು. ನಾನು ಬ್ಯಾಡಗಿ ತಾಲ್ಲೂಕಿನ ಮೋಟೆಬೆನ್ನೂರು ಸೀಮೆಯವನು. ಮೆಣಸಿನಕಾಯಿ, ಗೋವಿನಜೋಳ, ಒಂದಿಷ್ಟು ಹತ್ತಿ ಬೆಳೆಯುತ್ತೇನೆ. ಮೂವತ್ತು ವರ್ಷದಿಂದ ಎತ್ತು ಕಟ್ಟಿದ್ದೇನೆ, ಅದರಲ್ಲಿ ಹದಿನಾಲ್ಕು ವರ್ಷ ಹಾವೇರಿ, ರಾಣೆಬೆನ್ನೂರು ಕಡೆಯ ಜಾತ್ರೆಗಳಲ್ಲಿ ಖಾಲಿ ಗಾಡಾ ಓಡಿಸಿದ್ದೇನೆ. ನೊಗ ಆರಿಸುವುದರಲ್ಲಿ ನಾನು ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ಇದರಲ್ಲಿ ಬಹುಪಾಲನ್ನು ಕಲಿಸಿದ್ದು ಎತ್ತುಗಳೇ.

1. ಮೊದಲು ಎತ್ತು, ಆಮೇಲೆ ನೊಗ

ನನ್ನ ಮೊದಲ ಓಟದ ಜೋಡಿ ಒಂದು ಮಾಸ, ಒಂದು ಕೆಂದ. ಎರಡೂ ಆರು ಹಲ್ಲಿನವು. ಅವನ್ನು ತಂದ ವರ್ಷವೇ ಒಂದು ಜಾತ್ರೆಯಲ್ಲಿ ಚೆಂದದ ನೊಗ ಕಂಡಿತು. ತಿದ್ದಿ ತೀಡಿದ ತೇಗ, ಎರಡೂ ತುದಿಗೆ ಹಿತ್ತಾಳೆಯ ಗುಬ್ಬಿ, ನಡುವೆ ಕೆತ್ತಿದ ಬಸವಣ್ಣ. ಎತ್ತುಗಳು ಊರಲ್ಲಿದ್ದವು, ನಾನು ಜಾತ್ರೆಯಲ್ಲಿದ್ದೆ. ಕೈಯಲ್ಲಿ ಎತ್ತಿ ನೋಡಿ, ದುಡ್ಡು ಕೊಟ್ಟು, ಹೆಗಲ ಮೇಲೆ ಹೊತ್ತುಕೊಂಡು ಬಂದೆ.

ನಮ್ಮಲ್ಲಿ ಗಾಡಾ ಓಟವೆಂದರೆ ಒಂದು ನಿಮಿಷದ ಆಟ. ಸೀಟಿ ಊದಿದ ಮೇಲೆ ಒಂದು ನಿಮಿಷದಲ್ಲಿ ಜೋಡಿ ಎಷ್ಟು ಅಡಿ ಓಡಿತು ಎಂದು ಟೇಪು ಹಿಡಿದು ಅಳೆಯುತ್ತಾರೆ. ಆ ಹೊಸ ನೊಗ ಹಾಕಿ ಓಟಕ್ಕಿಳಿದ ದಿನ ಅರ್ಧ ನಿಮಿಷ ಚೆನ್ನಾಗಿ ಓಡಿದ ಮಾಸ ಇದ್ದಕ್ಕಿದ್ದಂತೆ ತಲೆ ಮೇಲೆತ್ತಿ, ಕುತ್ತಿಗೆ ಹೊರಳಿಸಿ ನಿಂತುಬಿಟ್ಟಿತು. ಸುತ್ತಲಿನ ಮಂದಿ ಬಾರಕೋಲು ಬೀಸು ಎಂದು ಕೂಗಿದರು. ನಾನು ಕೆಳಗಿಳಿದು ನೊಗ ಎತ್ತಿದೆ. ಇಣಿಯ, ಅಂದರೆ ಹೆಗಲ ಮೇಲಿನ ಡುಬ್ಬದ, ಮುಂದೆ ಅಂಗೈ ಅಗಲದಷ್ಟು ಚರ್ಮ ಕಿತ್ತು, ಹಸಿ ಮಾಂಸದ ಮೇಲೆ ಕೂದಲು ಅಂಟಿಕೊಂಡಿತ್ತು. ಆ ನೊಗದ ಹೊಟ್ಟೆ ಚಪ್ಪಟೆಯಾಗಿತ್ತು, ಅಂಚು ಚೂಪಾಗಿತ್ತು. ಕೆತ್ತಿದ ಬಸವಣ್ಣನನ್ನು ನೋಡಿದ್ದ ನಾನು ಹೊಟ್ಟೆಯ ಮೇಲೆ ಕೈಯಾಡಿಸಿ ನೋಡಿರಲಿಲ್ಲ. ಆ ಮುಂಗಾರಿನಲ್ಲಿ ಎರಡು ತಿಂಗಳು ಮಾಸನ ಹೆಗಲಿಗೆ ಏನೂ ತಾಗಿಸುವಂತಿರಲಿಲ್ಲ. ಬಿತ್ತನೆಗೆ ಬೇರೆಯವರ ಜೋಡಿ ಬಾಡಿಗೆಗೆ ತಂದೆ.

ಆ ನೊಗವನ್ನು ನಮ್ಮೂರ ಬಡಿಗೇರ ಕಾಕಾನ ಮುಂದೆ ಇಟ್ಟೆ. ಅವರು ನೊಗವನ್ನು ಮುಟ್ಟಲೂ ಇಲ್ಲ. "ತಮ್ಮಾ, ಎತ್ತು ಹೊಡಕೊಂಡು ಬಾ. ಹೆಗಲು ಕೇಳಿ ನೊಗ ತಗೋಬೇಕು, ಅಂಗಡಿಯವನ್ನ ಕೇಳಿ ಅಲ್ಲ" ಎಂದರು.

2. ಹೆಗಲನ್ನು ಕಣ್ಣಿಂದಲ್ಲ, ಕೈಯಿಂದ ನೋಡಬೇಕು

ಕಾಕಾ ಮಾಡುತ್ತಿದ್ದ ಕೆಲಸ ಈಗಲೂ ಕಣ್ಣ ಮುಂದಿದೆ. ಎತ್ತನ್ನು ಸಮ ನೆಲದ ಮೇಲೆ, ತಲೆ ನೆಟ್ಟಗಿರುವಂತೆ ನಿಲ್ಲಿಸಿಕೊಳ್ಳುತ್ತಿದ್ದರು. ಇಣಿಯ ಮುಂದಿನ ತಗ್ಗಿಗೆ ಅಂಗೈ ಊರಿ ನಿಧಾನವಾಗಿ ಕುತ್ತಿಗೆಯ ಕಡೆ ಜಾರಿಸುತ್ತಿದ್ದರು. ಎಲ್ಲಿ ಮಾಂಸ ಮೆತ್ತಗಿದೆ, ಎಲ್ಲಿ ನರ ಬಿಗಿದಿದೆ, ಎಲ್ಲಿ ಹಳೆಯ ಗಂಟಿದೆ ಎಂದು ಬಾಯಲ್ಲಿ ಹೇಳುತ್ತಲೇ ಹೋಗುತ್ತಿದ್ದರು. ಆಮೇಲೆ ಬಗ್ಗುವ ಸೀಸದ ತಂತಿಯೊಂದನ್ನು ಹೆಗಲ ಮೇಲೆ ಅಡ್ಡಲಾಗಿ ಒತ್ತಿ, ಅದು ಹಿಡಿದ ಬಾಗನ್ನು ಹಾಗೇ ತಂದು ಮರದ ಮೇಲಿಟ್ಟು ಸುಣ್ಣದಿಂದ ಗೆರೆ ಎಳೆಯುತ್ತಿದ್ದರು. ಎಡದ ಎತ್ತಿಗೆ ಒಂದು ಗೆರೆ, ಬಲದ ಎತ್ತಿಗೆ ಇನ್ನೊಂದು. ಎರಡೂ ಒಂದೇ ಥರ ಬಂದದ್ದನ್ನು ನಾನು ನೋಡಿಲ್ಲ.

ತಳಿಯಿಂದ ತಳಿಗೂ ಹೆಗಲು ಬೇರೆ. ಹಳ್ಳಿಕಾರ ಎತ್ತಿನ ಕುತ್ತಿಗೆ ಸಣ್ಣ, ಮೈ ಬಿಗಿ. ಅಮೃತಮಹಲದ್ದೂ ಅದೇ ಜಾತಿಯ ಚುರುಕು ಮೈಕಟ್ಟು. ಖಿಲಾರಿ ಎತ್ತರದ್ದು, ಹೆಗಲು ಗಟ್ಟಿ. ನಮ್ಮ ಜಿಲ್ಲೆಯ ಬಂಕಾಪುರದ ಕೋಟೆಯೊಳಗೇ ಖಿಲಾರಿ ತಳಿಯ ಸಂವರ್ಧನಾ ಕೇಂದ್ರವಿದೆ, ಹೋದವರು ಅವುಗಳ ಕುತ್ತಿಗೆಯನ್ನು ಗಮನಿಸಿ ನೋಡಲಿ. ಕೃಷ್ಣಾ ತೀರದ ತಳಿಯ ಎತ್ತು ಭಾರಿ ಮೈಯದ್ದು, ಕುತ್ತಿಗೆ ದಪ್ಪ. ಅದಕ್ಕೆ ಹಳ್ಳಿಕಾರನ ನೊಗ ಹಾಕಿದರೆ ಎರಡೂ ಗೂಟ ಕುತ್ತಿಗೆಗೆ ಒತ್ತುತ್ತವೆ. ಹಳ್ಳಿಕಾರನಿಗೆ ಅದರ ನೊಗ ಹಾಕಿದರೆ ನೊಗ ಅತ್ತಿತ್ತ ಅಲುಗಾಡಿ ಚರ್ಮ ಉಜ್ಜುತ್ತದೆ. ಗೂಟಕ್ಕೂ ಕುತ್ತಿಗೆಗೂ ನಡುವೆ ಎರಡೂ ಕಡೆ ಎರಡೆರಡು ಬೆರಳು ಸಲೀಸಾಗಿ ತೂರುವಷ್ಟು ಜಾಗ ಇರಬೇಕು. ಇದು ನನ್ನ ಅಳತೆ, ಇದುವರೆಗೂ ಕೈಕೊಟ್ಟಿಲ್ಲ.

ಎತ್ತು ಎಳೆಯುವ ರೀತಿಯನ್ನೂ ತಿಳಿದಿರಬೇಕು. ಅದು ನೊಗವನ್ನು ಹೊರುವುದು ಹೆಗಲಿನ ಮೇಲೆ, ತಳ್ಳುವುದು ಇಣಿಯ ಬುಡದಿಂದ. ಹಾಗಾಗಿ ನೊಗದ ಹೊಟ್ಟೆ ಮಾತ್ರ ನುಣುಪಾಗಿದ್ದರೆ ಸಾಲದು, ಇಣಿಗೆ ತಾಗುವ ಹಿಂಬದಿಯೂ ಅಗಲವಾಗಿ, ಗುಂಡಾಗಿ ಇರಬೇಕು. ದಿನವಿಡೀ ದುಡಿಯುವ ಎತ್ತು ತನ್ನ ಮೈತೂಕದ ಹತ್ತನೇ ಒಂದು ಭಾಗದಷ್ಟು ಬಲದಿಂದ ಎಳೆಯುತ್ತದೆ ಎಂಬುದು ಒಪ್ಪಿತವಾದ ಲೆಕ್ಕ. ನಾಲ್ಕು ನೂರು ಕೆಜಿಯ ಎತ್ತಾದರೆ ನಲವತ್ತು ಕೆಜಿ. ಅಷ್ಟೂ ಬಲ ಎರಡು ಬೆರಳಗಲದ ಅಂಚಿನ ಮೇಲೆ ಬಿದ್ದರೆ ಚರ್ಮ ಎಷ್ಟು ದಿನ ತಾಳೀತು? ಅದೇ ಬಲ ಅಂಗೈ ಅಗಲಕ್ಕೆ ಹರಡಿದರೆ ಎತ್ತು ಸಂಜೆಯವರೆಗೂ ತಲೆ ತಗ್ಗಿಸಿ ನಡೆಯುತ್ತದೆ.

3. ಜೋಡಿ ಸಮ ಇಲ್ಲದಿದ್ದರೆ ನೊಗದಲ್ಲೇ ಸಮ ಮಾಡಬೇಕು

ಸಮ ಜೋಡಿ ಸಿಗುವುದು ಪುಣ್ಯ. ಸಂತೆಯಲ್ಲಿ ಹಲ್ಲು ಕೂಡುತ್ತದೆ, ಬಣ್ಣ ಕೂಡುತ್ತದೆ, ಕೊಂಬೂ ಕೂಡುತ್ತದೆ. ಹೆಗಲೆತ್ತರ ಮತ್ತು ಬಲ ಕೂಡುವುದು ಅಪರೂಪ. ನಾಲ್ಕು ಬೆರಳು ಎತ್ತರದ ವ್ಯತ್ಯಾಸವಿದ್ದರೆ ನೊಗ ವಾಲುತ್ತದೆ, ಜಾರುತ್ತದೆ, ಕೊನೆಗೆ ಎರಡರ ಹೆಗಲನ್ನೂ ಕೆಡಿಸುತ್ತದೆ. ಅಂಥ ಜೋಡಿಯನ್ನು ಕೊಳ್ಳಬೇಡಿ ಎಂಬುದೇ ನನ್ನ ಮಾತು. ಎತ್ತರಕ್ಕೆ ನೊಗದಲ್ಲಿ ಔಷಧಿ ಇಲ್ಲ.

ಬಲದ ವ್ಯತ್ಯಾಸಕ್ಕೆ ಔಷಧಿ ಇದೆ. ಎಳೆಯುವ ಹಗ್ಗವಾದ ಮಿಣಿ ಕಟ್ಟುವ ಜಾಗವನ್ನು ನೊಗದ ನಟ್ಟನಡುವೆಯಿಂದ ಬಲವಾದ ಎತ್ತಿನ ಕಡೆಗೆ ಸರಿಸಬೇಕು. ಎರಡು ಹೆಗಲುಗಳ ನಡುವೆ ನಲವತ್ತು ಇಂಚು ಇದೆ ಅನ್ನಿ. ನಡುವೆ ಕಟ್ಟಿದರೆ ಆ ಕಡೆ ಇಪ್ಪತ್ತು, ಈ ಕಡೆ ಇಪ್ಪತ್ತು, ಭಾರ ಸಮಪಾಲು. ಎರಡು ಇಂಚು ಸರಿಸಿದರೆ ಹದಿನೆಂಟು, ಇಪ್ಪತ್ತೆರಡು ಆಗುತ್ತದೆ. ಆಗ ನೂರರಲ್ಲಿ ಐವತ್ತೈದು ಪಾಲನ್ನು ಬಲವಾದದ್ದು ಎಳೆಯುತ್ತದೆ, ನಲವತ್ತೈದು ಪಾಲು ಇನ್ನೊಂದರದ್ದು. ಹೊಸದಾಗಿ ಕಲಿಯುವ ಹೋರಿಯನ್ನು ಬಾಯಿಗೂಡಿದ ಎತ್ತಿನ ಜೊತೆ ಕಟ್ಟುವಾಗ ನಮ್ಮ ಹಿರಿಯರು ಮಾಡುತ್ತಿದ್ದದ್ದೂ ಇದನ್ನೇ. ಅದಕ್ಕಾಗಿಯೇ ಒಳ್ಳೆಯ ನೊಗದ ನಡುವೆ ಮೂರು ನಾಲ್ಕು ಕಚ್ಚು ಇರುತ್ತವೆ. ಒಂದೇ ಕಚ್ಚಿನ ನೊಗವನ್ನು ನಾನು ಕೊಳ್ಳುವುದಿಲ್ಲ.

4. ಹೊಲದ ನೊಗ ಬೇರೆ, ಓಟದ ನೊಗ ಬೇರೆ

ಹೊಲದ ನೊಗದ ಉದ್ದವನ್ನು ಹೇಳುವುದು ಬೆಳೆ. ಬ್ಯಾಡಗಿ ಮೆಣಸಿನಕಾಯಿ ಸಾಲಿನಲ್ಲಿ ಎಡೆ ಹೊಡೆಯುವಾಗ ಎರಡೂ ಎತ್ತು ಎರಡು ಬೇರೆ ಸಾಲಿನ ನಡುವೆ ನಡೆಯಬೇಕು, ಗಿಡ ತುಳಿಯಬಾರದು. ನಮ್ಮ ಹಾವೇರಿ ಜಿಲ್ಲೆಯ ರೈತರೇ ರೂಢಿಸಿದ ಗುಳಿ ರಾಗಿಯನ್ನು ತೆಗೆದುಕೊಳ್ಳಿ. ಚೌಕಾಕಾರವಾಗಿ ಒಂದೂವರೆ ಅಡಿಗೊಂದು ಗುಳಿ, ಗುಳಿಗೆ ಎರಡು ಸಸಿ. ಅದರಲ್ಲಿ ಉದ್ದಕ್ಕೂ ಅಡ್ಡಕ್ಕೂ ಎಡೆಕುಂಟಿ ಓಡುತ್ತದೆ, ಎಳೆಯ ಪೈರಿನ ಮೇಲೆ ಕೊರಡು ಎಳೆಯುತ್ತಾರೆ. ಅಲ್ಲಿ ಎತ್ತುಗಳ ನಡುವಿನ ಅಂತರ ಮೂರು ಅಡಿ ಇರಬೇಕು, ಇಲ್ಲವೇ ನಾಲ್ಕೂವರೆ. ಮೂರೂಮುಕ್ಕಾಲು ಅಡಿಯ ನೊಗ ತಂದರೆ ಒಂದು ಎತ್ತು ಪೈರಿನ ಮೇಲೇ ನಡೆಯುತ್ತದೆ. ಆಗ ಅದು ಪಕ್ಕಕ್ಕೆ ಎಳೆದುಕೊಳ್ಳುತ್ತದೆ, ನಾವು ಹಗ್ಗ ಜಗ್ಗುತ್ತೇವೆ, ಗೂಟ ಕುತ್ತಿಗೆಗೆ ತಿಕ್ಕುತ್ತದೆ. ನೊಗದ ಉದ್ದ ತಪ್ಪಿದ್ದರ ಗುರುತು ಕೊನೆಗೆ ಕುತ್ತಿಗೆಯ ಪಕ್ಕದಲ್ಲಿ ಕಾಣುತ್ತದೆ.

ಓಟದ ನೊಗ ಗಿಡ್ಡ. ಎತ್ತುಗಳು ಹತ್ತಿರವಿದ್ದರೆ ಜೋಡಿ ಒಂದೇ ಮೈಯಾಗಿ ಓಡುತ್ತದೆ. ಆದರೆ ತೀರಾ ಹತ್ತಿರವಾದರೆ ಹೊಟ್ಟೆಗೆ ಹೊಟ್ಟೆ ತಾಗಿ ಹಿಂಗಾಲು ಹೊರಗೆ ಸಿಡಿಯುತ್ತವೆ. ಎರಡರ ಪಕ್ಕೆಗಳ ನಡುವೆ ಒಬ್ಬ ಮನುಷ್ಯ ಅಡ್ಡ ತಿರುಗಿ ನಿಲ್ಲುವಷ್ಟು ಜಾಗ ನನಗೆ ಸರಿಹೋಗಿದೆ.

5. ಮರ

ಜಾಲಿ ಗಟ್ಟಿ, ಗಾಲಿಗೆ ಕುಂಟಿಗೆ ಬಂಗಾರದಂಥದ್ದು. ಆದರೆ ನೊಗಕ್ಕೆ ಭಾರ. ತೇಗ ಒಳ್ಳೆಯದು, ದುಬಾರಿ. ಶಿವನಿ ಹಗುರ, ಬಿರುಕು ಬಿಡುವುದು ಕಡಿಮೆ, ನನ್ನ ಈಗಿನ ಓಟದ ನೊಗ ಅದೇ. ಯಾವ ಮರವಾದರೂ ಒಣಗಿರಬೇಕು. ಹಸಿ ಮರದ ನೊಗ ಬೇಸಿಗೆಯಲ್ಲಿ ಸೀಳಿ, ಆ ಸೀಳಿನಲ್ಲಿ ಚರ್ಮ ಸಿಕ್ಕಿಕೊಳ್ಳುತ್ತದೆ.

ಈಗ ಅಂಗಡಿಗಳಲ್ಲಿ ಕಬ್ಬಿಣದ ಪೈಪಿನ ನೊಗ ಸಾಲಾಗಿ ನಿಂತಿವೆ. ಮುರಿಯುವುದಿಲ್ಲ, ಅಗ್ಗ, ಕೂಡಲೇ ಸಿಗುತ್ತದೆ. ನಾನು ಅದನ್ನು ಬೇಡವೆನ್ನುತ್ತೇನೆ. ಪೈಪು ಸಣ್ಣ, ಗುಂಡಗೆ, ಹೆಗಲಿಗೆ ತಾಗುವುದು ಒಂದು ಗೆರೆಯಷ್ಟು ಜಾಗ ಮಾತ್ರ. ಬೇಸಿಗೆಯ ಬಿಸಿಲಲ್ಲಿ ಬಂಡಿ ಬಿಟ್ಟು ಬಂದು ಆ ಪೈಪಿನ ಮೇಲೆ ಕೈಯಿಟ್ಟು ನೋಡಿ. ಬಳಸಲೇಬೇಕಾದವರು ಹೆಗಲು ಕೂರುವ ಜಾಗಕ್ಕೆ ಕೊರೆದ ಮರದ ತುಂಡನ್ನು ಬೋಲ್ಟು ಹಾಕಿ ಕೂರಿಸಿಕೊಳ್ಳಲಿ. ಬರಿಯ ಚಿಂದಿ ಬಟ್ಟೆ ಸುತ್ತಿದರೆ ಸಾಲದು. ಬಟ್ಟೆ ಬೆವರು ಕುಡಿದು, ಒಣಗಿ, ಉಪ್ಪುಕಾಗದದಂತೆ ಉಜ್ಜುತ್ತದೆ.

ನೊಗದ ಚಿಂತೆ ರೈತರದ್ದಷ್ಟೇ ಅಲ್ಲ. ಬೆಂಗಳೂರಿನ ಐಐಎಂ ನಿರ್ದೇಶಕರಾಗಿದ್ದ ಪ್ರೊ. ಎನ್. ಎಸ್. ರಾಮಸ್ವಾಮಿ ಎತ್ತಿನ ಗಾಡಿ ಮತ್ತು ನೊಗದ ಸುಧಾರಣೆಗಾಗಿ ದಶಕಗಳ ಕಾಲ ದುಡಿದರು. ಅಷ್ಟು ದೊಡ್ಡ ಸಂಸ್ಥೆಯ ಮುಖ್ಯಸ್ಥರು ಎತ್ತಿನ ಹೆಗಲ ಬಗ್ಗೆ ಯೋಚಿಸಿದ್ದರು ಎಂಬುದು ನನಗೆ ಈಗಲೂ ಧೈರ್ಯ ಕೊಡುವ ಸಂಗತಿ.

6. ಹೊಡೆಯುವವನೂ ನೊಗದ ಲೆಕ್ಕಕ್ಕೆ ಸೇರಿದವನು

ಈ ಪಾಠ ಕಲಿಯಲು ನನಗೆ ಎಂಟು ವರ್ಷ ಹಿಡಿಯಿತು. ನೊಗ ಸರಿಯಿತ್ತು, ಎತ್ತು ಸಮವಿದ್ದವು, ಆದರೂ ಓಟ ಮುಗಿದ ಮೇಲೆ ಹೆಗಲು ಕೆಂಪಾಗುತ್ತಿತ್ತು. ಬಡಿಗೇರ ಕಾಕಾ ಒಂದು ದಿನ ಹೊಲದಲ್ಲಿ ನಿಂತು ನಾನು ಗಾಡಾ ಹೊಡೆಯುವುದನ್ನು ನೋಡಿದರು. ಮೂರು ಸಲ ಓಡಿಸಲು ಹೇಳಿದರು. ನಾಲ್ಕನೇ ಸಲ ನನ್ನನ್ನು ಗಾಡಾದ ಮೇಲೆ ಇದ್ದ ಜಾಗದಿಂದ ಒಂದು ಗೇಣು ಹಿಂದಕ್ಕೆ ಸರಿಸಿ ನಿಲ್ಲಿಸಿದರು. ಓಡಿಸಿ ಬಂದು ಹೆಗಲು ಮುಟ್ಟಿ ನೋಡಿದರೆ ಬಿಸಿ ಇರಲಿಲ್ಲ.

ಎರಡು ಗಾಲಿಯ ಬಂಡಿ ತಕ್ಕಡಿಯಿದ್ದಂತೆ. ಅಚ್ಚು ಅದರ ಮುಳ್ಳು. ಹೇರಾಗಲಿ ಆಳಾಗಲಿ ಅಚ್ಚಿನ ಮುಂದಿದ್ದರೆ ನೊಗ ಕಟ್ಟುವ ಮೂಕಿ ಕೆಳಗೆ ಒತ್ತುತ್ತದೆ, ಆ ಭಾರವೆಲ್ಲ ಹೆಗಲ ಮೇಲೆ. ಅಚ್ಚಿನ ಹಿಂದೆ ಹೆಚ್ಚಾದರೆ ಮೂಕಿ ಮೇಲೇಳುತ್ತದೆ, ನೊಗ ಎದ್ದು, ಕುತ್ತಿಗೆಯ ಕೆಳಗೆ ಕಟ್ಟುವ ಜತ್ತಿಗೆ ಗಂಟಲಿಗೆ ಬಿಗಿಯುತ್ತದೆ. ಹಾಗೆ ಬಿಗಿದ ಎತ್ತು ಕೆಮ್ಮುತ್ತದೆ, ನಾಲಗೆ ಚಾಚುತ್ತದೆ. ನಾನು ಎಪ್ಪತ್ತೆರಡು ಕೆಜಿ ಇದ್ದೇನೆ. ನನ್ನ ಅಣ್ಣನ ಮಗ ಐವತ್ತೈದು. ಒಂದೇ ಗಾಡಾದ ಮೇಲೆ ನಾವಿಬ್ಬರೂ ಒಂದೇ ಜಾಗದಲ್ಲಿ ನಿಲ್ಲುವಂತಿಲ್ಲ. ನಮ್ಮ ಗಾಡಾದ ಹಲಗೆಯ ಮೇಲೆ ಅವನ ಕಾಲಿಗೊಂದು, ನನ್ನ ಕಾಲಿಗೊಂದು ಗುರುತು ಕೊರೆದಿದ್ದೇವೆ. ಗುರುತು ಹಾಕುವ ಮುಂಚೆ ಇಬ್ಬರು ಹಿಡಿದು ಮೂಕಿಯನ್ನು ಹೆಗಲೆತ್ತರಕ್ಕೆ ಎತ್ತಿ ನೋಡುತ್ತೇವೆ. ಹೊಡೆಯುವವನು ಮೇಲೆ ನಿಂತಾಗ ನೊಗ ಹಗುರವಾಗಿ ಕೈಗೆ ಕೂರಬೇಕು, ಮೇಲೆ ಹಾರಲೂ ಬಾರದು, ಕೈ ಸೋಲಿಸಲೂ ಬಾರದು.

ರಂಟಿ ಹೊಡೆಯುವವನಿಗೂ ಇದೇ ಮಾತು ಬೇರೆ ರೀತಿಯಲ್ಲಿ ಅನ್ವಯಿಸುತ್ತದೆ. ಎತ್ತರದ ಎತ್ತಿಗೆ ಗಿಡ್ಡ ಕಟ್ಟು ಹಾಕಿದರೆ ರಂಟಿ ಮೇಲಕ್ಕೇಳುತ್ತದೆ. ಹೊಡೆಯುವವನು ಮೇಳಿಯ ಮೇಲೆ ಮೈಭಾರ ಹಾಕಿ ಒತ್ತುತ್ತಾನೆ, ಆ ಒತ್ತಡವೂ ಕೊನೆಗೆ ಹೆಗಲಿಗೇ ಹೋಗುತ್ತದೆ. ಕಟ್ಟನ್ನು ಉದ್ದ ಮಾಡಿದರೆ ರಂಟಿ ತಾನಾಗಿಯೇ ಆಳಕ್ಕೆ ಇಳಿಯುತ್ತದೆ. ಸಂಜೆ ನಿಮ್ಮ ಸೊಂಟ ನೋಯುತ್ತಿದ್ದರೆ ಎತ್ತಿನ ಹೆಗಲೂ ನೋಯುತ್ತಿದೆ ಎಂದು ತಿಳಿಯಿರಿ.

7. ಜತ್ತಿಗೆ

ಜತ್ತಿಗೆಗೂ ಗಂಟಲಿಗೂ ನಡುವೆ ಅಂಗೈ ಚಪ್ಪಟೆಯಾಗಿ ತೂರಬೇಕು, ಮುಷ್ಟಿ ತೂರಬಾರದು. ಅಗಲವಾದ ಚರ್ಮದ ಪಟ್ಟಿ ಅಥವಾ ಹತ್ತಿಯ ನೂಲಿನದ್ದು ಒಳ್ಳೆಯದು. ಪ್ಲಾಸ್ಟಿಕ್ ಹಗ್ಗವನ್ನು ಎತ್ತಿನ ಕುತ್ತಿಗೆಗೆ ಕಟ್ಟಬೇಡಿ.

8. ನೊಗ ಬಿಚ್ಚಿದ ಮೇಲಿನ ಐದು ನಿಮಿಷ

ಅಮೆರಿಕದಲ್ಲಿ ಕುದುರೆ ಸವಾರರ ಒಂದು ಓಟವಿದೆ. ಮೂರು ಪೀಪಾಯಿಗಳನ್ನು ತ್ರಿಕೋನದಲ್ಲಿ ಇಟ್ಟು, ಅವನ್ನು ಸುತ್ತಿ ಬರುವ ಕೆಲವೇ ಸೆಕೆಂಡುಗಳ ಓಟ. ಆ ಸವಾರರು ಜೀನು ಸರಿಯಾಗಿ ಕೂತಿದೆಯೇ ಎಂದು ನೋಡಲು, ಓಟದ ನಂತರ ಜೀನು ತೆಗೆದು ಕುದುರೆಯ ಬೆನ್ನಿನ ಬೆವರು ನೋಡುತ್ತಾರೆ. ಸುತ್ತ ಒದ್ದೆಯಿದ್ದು ನಡುವೆ ಒಂದು ಕಡೆ ಮಾತ್ರ ಒಣಗಿದ್ದರೆ ಅಲ್ಲಿ ಒತ್ತಡ ಹೆಚ್ಚಾಗಿದೆ ಎಂಬ ಅನುಮಾನ. ಇದನ್ನು ಓದಿದಾಗ ನನಗೆ ಮೈ ಜುಮ್ಮೆಂದಿತು, ಯಾಕೆಂದರೆ ನಾವೂ ಹೆಗಲನ್ನು ನೋಡುವುದು ಹಾಗೆಯೇ.

ನೊಗ ಇಳಿಸಿದ ಕೂಡಲೇ ನೀರು ಹಾಕಬೇಡಿ. ಮೊದಲು ನೋಡಿ. ಕೂದಲು ಎರಡೂ ಕಡೆ ಸಮವಾಗಿ ಮಲಗಿದೆಯೇ, ಒಂದು ಕಡೆ ಎದ್ದು ನಿಂತಿದೆಯೇ? ಆಮೇಲೆ ಅಂಗೈ ಊರಿ. ಒಂದು ಜಾಗ ಪಕ್ಕದ ಜಾಗಕ್ಕಿಂತ ಬಿಸಿಯಿದ್ದರೆ, ಒತ್ತಿದಾಗ ಎತ್ತು ಚರ್ಮ ನಡುಗಿಸಿದರೆ, ನಾಳೆ ಅಲ್ಲಿ ಬಾವು. ಇವತ್ತೇ ತಣ್ಣೀರು ಬಟ್ಟೆ ಹಾಕಿ, ಎರಡು ದಿನ ಬಿಡುವು ಕೊಟ್ಟು, ನೊಗದ ಹೊಟ್ಟೆಯಲ್ಲಿ ಆ ಜಾಗಕ್ಕೆ ತಾಗುವ ಕಡೆ ಅರ ಹಾಕಿ ಉಜ್ಜಿದರೆ ಮುಗಿಯಿತು. ಬಿಟ್ಟರೆ ಬಾವು ಒಡೆದು ಹುಣ್ಣಾಗುತ್ತದೆ, ಹುಣ್ಣು ಮಾಯ್ದರೂ ಗಂಟು ಉಳಿಯುತ್ತದೆ. ಗಂಟು ಬಂದ ಹೆಗಲಿಗೆ ಯಾವ ನೊಗವೂ ಸರಿಯಾಗಿ ಕೂರುವುದಿಲ್ಲ. ಹುಣ್ಣಿಗೆ ಕೈಗೆ ಸಿಕ್ಕ ಎಣ್ಣೆ ಹಚ್ಚಿ ದುಡಿಸುವುದನ್ನು ನಿಲ್ಲಿಸಿ, ಪಶುವೈದ್ಯರಿಗೆ ತೋರಿಸಿ.

ಬೇಸಿಗೆಯಲ್ಲಿ ಕೆಲಸವಿಲ್ಲದೆ ನಿಂತ ಎತ್ತಿನ ಹೆಗಲು ಮೆತ್ತಗಾಗಿರುತ್ತದೆ. ಮೊದಲ ಮಳೆ ಬಿದ್ದ ದಿನವೇ ಇಡೀ ದಿನ ಹರಗಲು ಹೂಡಿದರೆ, ಒದ್ದೆ ಚರ್ಮ, ಮೆತ್ತಗಿನ ಹೆಗಲು, ತೊಯ್ದ ನೊಗ ಮೂರೂ ಸೇರಿ ಹಾಳು ಮಾಡುತ್ತವೆ. ಮಳೆಗೆ ಹದಿನೈದು ದಿನ ಮುಂಚೆ ದಿನಕ್ಕೊಂದು ಗಂಟೆ ಖಾಲಿ ಬಂಡಿ ಹೂಡಿ ಹೆಗಲು ಪಳಗಿಸಿ.

9. ಮೊಳೆ, ಮುಳ್ಳು ಮತ್ತು ಕಾಯ್ದೆ

ಓಟದ ಎತ್ತನ್ನು ಚುರುಕು ಮಾಡಲು ನೊಗಕ್ಕೆ ಮೊಳೆ ಹೊಡೆಯುವವರನ್ನು, ಕೋಲಿಗೆ ಮುಳ್ಳು ಕೂರಿಸುವವರನ್ನು ಕಣ್ಣಾರೆ ನೋಡಿದ್ದೇನೆ. ಇದು ಪಾಪವೂ ಹೌದು, ಅಪರಾಧವೂ ಹೌದು. ಭಾರ ಎಳೆಯುವ ಪ್ರಾಣಿಗಳಿಗಾಗಿ ಕೇಂದ್ರ ಸರ್ಕಾರ 1965ರಲ್ಲೇ ಮಾಡಿದ ನಿಯಮಗಳು ಮೊನಚಾದ ಕೋಲು, ಮುಳ್ಳು ಅಥವಾ ಗುಬುಟಿರುವ ನೊಗವನ್ನು ನಿಷೇಧಿಸುತ್ತವೆ. ದಿನಕ್ಕೆ 9 ಗಂಟೆಗಿಂತ ಹೆಚ್ಚು, ವಿಶ್ರಾಂತಿಯಿಲ್ಲದೆ ಒಂದೇ ಸಮನೆ 5 ಗಂಟೆಗಿಂತ ಹೆಚ್ಚು ದುಡಿಸಬಾರದು. ಉಷ್ಣಾಂಶ 37 ಡಿಗ್ರಿ ದಾಟುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ಹೂಡಬಾರದು.

ಸುಪ್ರೀಂ ಕೋರ್ಟ್ 2014ರಲ್ಲಿ ಎತ್ತಿನ ಗಾಡಿ ಓಟಗಳನ್ನು ತಡೆದಾಗ ನಮ್ಮ ಊರುಗಳಲ್ಲಿ ಎಷ್ಟು ಬೇಸರವಾಗಿತ್ತೆಂದು ನನಗೆ ಗೊತ್ತು. 2017ರಲ್ಲಿ ರಾಜ್ಯ ಸರ್ಕಾರ ಕಂಬಳ ಮತ್ತು ಎತ್ತಿನ ಗಾಡಿ ಓಟಕ್ಕಾಗಿ ಕಾಯ್ದೆ ತಿದ್ದಿತು, 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಪೀಠ ಅದನ್ನು ಎತ್ತಿಹಿಡಿಯಿತು. ಆಟ ಉಳಿಯಿತು. ಎತ್ತಿಗೆ ಅನಗತ್ಯ ನೋವು ಕೊಡಬಾರದೆಂಬ ಷರತ್ತಿನ ಮೇಲೆ ಉಳಿಯಿತು. ಒಂದು ಮೊಳೆ ಹೊಡೆದವನು ಎಲ್ಲರ ಆಟವನ್ನೂ ಅಪಾಯಕ್ಕೆ ತಳ್ಳುತ್ತಾನೆ.

10. ಹಬ್ಬದ ಹೋರಿಗೂ ಹೆಗಲಿದೆ

ದೀಪಾವಳಿ ಬಂದರೆ ನಮ್ಮ ಜಿಲ್ಲೆಯ ತುಂಬ ಕೊಬ್ಬರಿ ಹೋರಿಗಳ ಅಬ್ಬರ. ಅವಕ್ಕೆ ನೊಗ ಹಾಕುವುದಿಲ್ಲ ನಿಜ. ಆದರೆ ಕೊಬ್ಬರಿ ಸರ, ಗೆಜ್ಜೆ, ಜೂಲ, ಬಲೂನಿನ ಕಟ್ಟು ಎಲ್ಲವೂ ಕೂರುವುದು ಅದೇ ಕುತ್ತಿಗೆ, ಅದೇ ಇಣಿಯ ಮೇಲೆ. ಸರದ ದಾರ ಚರ್ಮಕ್ಕೆ ನೇರವಾಗಿ ತಾಗದಂತೆ ಕೆಳಗೆ ಮೆತ್ತನೆಯ ಪಟ್ಟಿ ಹಾಕಿ. ಓಡಿಸುವ ಮೊದಲು ಎಲ್ಲವನ್ನೂ ಕಟ್ಟಿ ಮನೆಯ ಮುಂದೆ ಒಮ್ಮೆ ನಡೆಸಿ ನೋಡಿ.

ಮಾಸ ತೀರಿಕೊಂಡು ಬಹಳ ವರ್ಷವಾಯಿತು. ಅದರ ಹೆಗಲ ಮೇಲಿನ ಆ ಕಲೆಯ ಜಾಗದಲ್ಲಿ ಕೊನೆಯವರೆಗೂ ಬಿಳಿ ಕೂದಲು ಬೆಳೆಯುತ್ತಿತ್ತು. ಕೈಯಾಡಿಸಿದಾಗಲೆಲ್ಲ ಅದು ಕುತ್ತಿಗೆ ಸ್ವಲ್ಪ ಆಚೆ ಸರಿಸುತ್ತಿತ್ತು. ಈ ಕಾರ ಹುಣ್ಣಿಮೆಗೆ ನೀವೂ ಎತ್ತುಗಳ ಮೈ ತೊಳೆಯುತ್ತೀರಿ, ಕೊಂಬಿಗೆ ಬಣ್ಣ ಹಚ್ಚುತ್ತೀರಿ, ಕರಿ ಹರಿಯಲು ಓಡಿಸುತ್ತೀರಿ. ಬಣ್ಣದ ಡಬ್ಬಿ ತೆರೆಯುವ ಮುಂಚೆ ಎರಡೂ ಎತ್ತಿನ ಹೆಗಲ ಮೇಲೆ ಅಂಗೈ ಇಟ್ಟು ನೋಡಿ. ಬಿಸಿ ತಾಗಿದರೆ, ಅವತ್ತೇ ಎತ್ತು ಹೊಡಕೊಂಡು, ನೊಗ ಹೊತ್ತುಕೊಂಡು ಬಡಿಗೇರರ ಮನೆಗೆ ಹೋಗಿ.